ಕತ್ತಿ ಮುಟ್ಟದ ಕೆನ್ನೆ

"ಕೈ ತಿರುಗಿಸಿ."

ಸಾಲು ಅರ್ಧ ಮುಗಿದಿತ್ತು. ಜ್ಯೋತಿಲಕ್ಷ್ಮಿ ಒಬ್ಬೊಬ್ಬರ ಮುಂದೆಯೂ ಒಂದು ಗಳಿಗೆ ನಿಂತು ಉಗುರು ನೋಡಿ, ಕಾಲರ್ ನೋಡಿ, ಬೂಟು ನೋಡಿ ಮುಂದಕ್ಕೆ ಸರಿಯುತ್ತಿದ್ದಳು. ಹುಣಸಮಾರನಹಳ್ಳಿಯ ಹೈವೇ ಪಕ್ಕದ ಆ ಹೋಟೆಲಿನ ಬೇಸ್‌ಮೆಂಟಿನಲ್ಲಿ ಬೆಳಗಿನ ಪಾಳಿ ಶುರುವಾಗುವುದೇ ಹೀಗೆ. ವಿಮಾನ ಹತ್ತುವವರು, ಇಳಿದವರು ಬಂದು ತಂಗುವ ಹೋಟೆಲು ಅದು. ಕೆಲಸದವರು ಅತಿಥಿಗಳ ಕಣ್ಣಿಗೆ ಬೀಳುವ ಮುಂಚೆ ಇವಳ ಕಣ್ಣು ದಾಟಬೇಕು. ಗ್ರೂಮಿಂಗ್ ಚೆಕ್ ಅಂತ ಅದರ ಹೆಸರು. ಹುಡುಗರು ಮಾತ್ರ ಅದಕ್ಕೆ ಕಸ್ಟಮ್ಸ್ ಅನ್ನುತ್ತಿದ್ದರು.

"ನಿಂಗವ್ವ, ತಲೇಲಿ ಮಲ್ಲಿಗೆ."

"ಒಂದ್ ಎಸಳ ಐತ್ರಿ ಮೇಡಂ. ದೇವರ ಪ್ರಸಾದ."

"ದೇವರಿಗೆ ನಾನು ಹೇಳ್ಕೋತೀನಿ. ತೆಗೆದು ಲಾಕರಲ್ಲಿಡಿ."

ರೂಮು ಗುಡಿಸುವ ನಿಂಗವ್ವ ಗೊಣಗುತ್ತ ಹೂವು ಕಿತ್ತುಕೊಂಡಳು. ಯಾರೋ ಮುಸಿ ನಕ್ಕರು. ಜ್ಯೋತಿ ನಗಲಿಲ್ಲ. ಪಕ್ಕಕ್ಕೆ ಸರಿದಳು.

ಅಲ್ಲಿ ಅವನು ನಿಂತಿದ್ದ.

ಅನಂತರಾಜು. ಹೋಟೆಲಿನಲ್ಲಿ ನಡೆಯುವ ಮದುವೆ, ಮೀಟಿಂಗು, ಪಾರ್ಟಿಗಳ ಊಟದ ಉಸ್ತುವಾರಿ ಅವನದು. ಒಂದು ವಾರ ರಜೆ ಹಾಕಿ ಅವತ್ತೇ ವಾಪಸು ಬಂದಿದ್ದ.

ಉಗುರು ಚೊಕ್ಕ. ಶರ್ಟು ಗರಿಗರಿ. ಬೂಟು ಹೊಳೆಯುತ್ತಿತ್ತು. ಆದರೆ ಕೆನ್ನೆಯ ತುಂಬ ಒರಟು ಕಪ್ಪು.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ. ವಾರದಿಂದ ಕಾದಿದ್ದ ಮುಖ ಅದು. ಕಂಡ ಕೂಡಲೇ ಎದೆಯಲ್ಲಿ ಏನೋ ಸಡಿಲವಾಯಿತು. ಆಮೇಲೆ ಕಣ್ಣು ಆ ಗಡ್ಡಕ್ಕೆ ಸಿಕ್ಕಿಕೊಂಡು ಅಲ್ಲೇ ನಿಂತಿತು.

"ಶೇವ್ ಮಾಡಿಲ್ಲ."

"ಇಲ್ಲ ಮೇಡಂ."

"ಲಾಕರ್ ರೂಮಲ್ಲಿ ರೇಜರ್ ಇದೆ. ಹೋಗಿ ಮಾಡ್ಕೊಂಡು ಬನ್ನಿ."

"ಆಗಲ್ಲ ಮೇಡಂ."

ಮರೆತೆ ಅನ್ನಲಿಲ್ಲ, ಲೇಟಾಯಿತು ಅನ್ನಲಿಲ್ಲ. ಆಗಲ್ಲ ಅಂದ. ಈ ಸಾಲಿನಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಕಾರಣ?"

ಅವನು ಸಾಲಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಮನೆ ಕಡೆ ವಿಷಯ. ಆಮೇಲೆ ಹೇಳ್ತೀನಿ. ಇನ್ನೊಂದೆರಡು ತಿಂಗಳು ತೆಗೆಯೋ ಹಾಗಿಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಿಂಗವ್ವನ ದನಿ ಬಂತು.

"ತಿಳೀಲಿಲ್ಲೇನ್ರಿ ಮೇಡಂ? ಹೆಂಡ್ತಿ ಬಸರ ಇದ್ದಾಳ. ಬಸರ ಹೆಂಗಸಿನ ಗಂಡ ಹೆರಿಗಿ ಆಗೂತನಾ ಕತ್ತಿ ಮುಟ್ಟಸಂಗಿಲ್ಲ. ನಮ್ಮ ಕಡೇನೂ ಐತಿ."

ಸಾಲಿಗೆ ಸಾಲೇ ಓಹೋ ಎಂದಿತು. ಯಾರೋ ಅವನ ಬೆನ್ನು ತಟ್ಟಿದರು.

"ಏನ್ ಗುರು, ಹೇಳ್ಲೇ ಇಲ್ಲ? ಮದ್ವೆ ಊಟಾನೂ ಹಾಕಿಸ್ಲಿಲ್ಲ, ಈಗ ಡೈರೆಕ್ಟಾಗಿ ನಾಮಕರಣನಾ?"

"ಸ್ವೀಟ್ ಯಾವಾಗ ಮಗಾ?"

ಜ್ಯೋತಿ ಅವನ ಮುಖವನ್ನೇ ನೋಡುತ್ತಿದ್ದಳು. 'ಅಲ್ಲ ಅನ್ನು... ಒಂದು ಸಲ ಅಲ್ಲ ಅನ್ನು.'

ಅವನು ಅಲ್ಲ ಅನ್ನಲಿಲ್ಲ. ಮೊದಲು ಗಾಬರಿಯಾದ. ಆಮೇಲೆ ಆ ಒರಟು ಕೆನ್ನೆಯ ಮೇಲೆ ನಿಧಾನವಾಗಿ ಒಂದು ನಗು ಹರಡಿತು. ಎಷ್ಟೋ ದಿನದಿಂದ ಯಾರೋ ಕೇಳಲಿ ಅಂತ ಕಾದಿದ್ದವನ ನಗು.

"ಕೊಡಿಸ್ತೀನಿ," ಅಂದ. "ಖಂಡಿತ ಕೊಡಿಸ್ತೀನಿ."

ಜ್ಯೋತಿ ಮುಂದಿನವನ ಹತ್ತಿರ ಸರಿದಳು.

"ಕೈ ತಿರುಗಿಸಿ."

ದನಿ ನಡುಗಲಿಲ್ಲ. ನಡುಗದ ಹಾಗೆ ನೋಡಿಕೊಳ್ಳುವುದೂ ಅವಳ ಕೆಲಸದ ಭಾಗವಾಗಿತ್ತು.

* * *

ಮದುವೆ ಆಗಿಲ್ಲ ಅಂತ ಅವನೇ ಹೇಳಿದ್ದ.

ಗಣೇಶನ ಹಬ್ಬ ಕಳೆದ ಮೇಲೆ ಅವನು ಕೆಲಸಕ್ಕೆ ಸೇರಿದ್ದು. ಮೂವತ್ತೈದರ ಆಸುಪಾಸು, ಬಾಗಲೂರಿನವನು, ಮಾತು ಕಮ್ಮಿ. ಪಾಳಿ ಮುಗಿದ ಮೇಲೆ ಗೇಟಿನಾಚೆಯ ಗೂಡಂಗಡಿಯಲ್ಲಿ ಟೀ ಕುಡಿಯುತ್ತ ನಿಲ್ಲುವವರಲ್ಲಿ ಇವರಿಬ್ಬರೂ ಇರುತ್ತಿದ್ದರು. ಬರಬರುತ್ತ ಇವರಿಬ್ಬರೇ ಉಳಿಯುತ್ತಿದ್ದರು. ಒಂದು ಸಂಜೆ ಬಸ್ಸು ಬರದೆ ಹೋದಾಗ ಅವನು ಬೈಕಿನಲ್ಲಿ ಅವಳನ್ನು ಕೊಡಿಗೇಹಳ್ಳಿಯವರೆಗೆ ಬಿಟ್ಟ. ಅವನ ದಾರಿಯಲ್ಲದ ದಾರಿ ಅದು. ಇಳಿಯುವಾಗ ಅವಳು ತಮಾಷೆಗೆಂಬಂತೆ ಕೇಳಿದ್ದಳು.

"ಮನೇಲಿ ಹೆಂಡ್ತಿ ಬಯ್ಯಲ್ವಾ, ಇಷ್ಟು ತಡ ಆದ್ರೆ?"

"ಬಯ್ಯೋಕೆ ಅಮ್ಮ ಇದ್ದಾರೆ. ಹೆಂಡ್ತಿ ಇನ್ನೂ ಬಂದಿಲ್ಲ."

ಆ ಮಾತನ್ನು ಅವಳು ಮನೆಯೊಳಗೆ ಹೋಗಿ ಕನ್ನಡಿಯ ಮುಂದೆ ನಿಂತು ಮತ್ತೆ ಮತ್ತೆ ಕೇಳಿಸಿಕೊಂಡಿದ್ದಳು. ಮೂವತ್ಮೂರು ವರ್ಷದ ಹೆಂಗಸು, ಹದಿನಾರರ ಹುಡುಗಿಯ ಹಾಗೆ.

ಈಗ ಆ ಒಂದೊಂದು ಮಾತನ್ನೂ ತೆಗೆದು ಬೆಳಕಿಗೆ ಹಿಡಿದು ನೋಡತೊಡಗಿದಳು. ಹೆಂಡತಿ ಬಂದಿಲ್ಲ ಅಂದರೆ ಏನು? ತವರಿಗೆ ಹೋಗಿದ್ದವಳು ಬಂದಿಲ್ಲವೇ? ಭಾನುವಾರ ಫೋನು ಎತ್ತದೆ ಇರುವುದು ಯಾಕೆ? ಮನೆಯ ಮಾತು ಬಂದರೆ ಟೀ ಲೋಟದೊಳಗೆ ನೋಡುವುದು ಯಾಕೆ?

ಮ್ಯಾನೇಜರ್ ಮುರುಗೇಶ್ ಅವರ ಬಳಿ ಹೋದಳು. ಯಶವಂತಪುರದ ಹಳೆಯ ತಮಿಳು ಮನೆತನದ, ಮೂರು ಮಕ್ಕಳ ತಂದೆ.

"ಸರ್, ಅನಂತರಾಜು ಗಡ್ಡ..."

"ಪರ್ಮಿಶನ್ ಕೊಟ್ಟಿದ್ದೀನಮ್ಮ. ನಮ್ಮ ಮನೆಯವರು ಬಸುರಿ ಆದಾಗೆಲ್ಲ ನಾನೂ ಬಿಟ್ಟಿದ್ದೆ. ಫೋಟೋ ನೋಡಿದ್ರೆ ಸಾಧು ಥರ ಇದ್ದೀನಿ."

"ಅವರೇ ಹೇಳಿದ್ರಾ ಸರ್?"

"ಹೇಳೋದೇನು? ಬಸುರಿ ವಿಷಯಾನಾ ಅಂತ ನಾನೇ ಕೇಳ್ದೆ. ಹೌದು ಸಾರ್ ಅಂದ. ಪಾಪ, ಕಣ್ಣಲ್ಲಿ ನೀರೇ ಬಂತು."

ಕಣ್ಣಲ್ಲಿ ನೀರು! ಇವಳ ಕಣ್ಣಿಗೂ ಬರುವುದರಲ್ಲಿತ್ತು. ಕಾಡಿಗೆ ಹರಡುತ್ತದೆ ಅಂತ ತಡೆದುಕೊಂಡಳು.

ಮೂರನೆಯ ದಿನ ಸರ್ವೀಸ್ ಮೆಟ್ಟಿಲಿನಲ್ಲಿ ಅವನ ದನಿ ಕೇಳಿಸಿತು. ಯಾರೊಂದಿಗೋ ಫೋನಿನಲ್ಲಿದ್ದ.

"ರಮ್ಯ, ಮಾತ್ರೆ ನುಂಗಿದ್ಯಾ? ಊಟ ಬಿಡಬೇಡ. ಬರೋವಾಗ ಮಾವಿನಕಾಯಿ ಸಿಕ್ಕಿದ್ರೆ ತರ್ತೀನಿ... ಅಳಬಾರದು. ಅಳಬಾರದು ಅಂತ ಡಾಕ್ಟ್ರು ಹೇಳಿಲ್ವಾ?"

ಎಷ್ಟು ಮೆತ್ತಗಿನ ದನಿ! ಆ ದನಿ ತನಗೆ ಮಾತ್ರ ಅಂತ ಅವಳು ಅಂದುಕೊಂಡಿದ್ದಳು.

ಸಂಜೆ ಕ್ಯಾಂಟೀನಿನಲ್ಲಿ ಅವನೇ ಹತ್ತಿರ ಬಂದ.

"ಜ್ಯೋತಿ ಅವರೇ, ಒಂದೈದು ನಿಮಿಷ ಮಾತಾಡ್ಬೇಕಿತ್ತು."

"ಡ್ಯೂಟಿ ವಿಷಯಾನಾ?"

"ಅಲ್ಲ."

"ಹಾಗಾದ್ರೆ ನನಗೆ ಪುರುಸೊತ್ತಿಲ್ಲ."

"ನೀವು ಏನೋ ತಪ್ಪು ತಿಳ್ಕೊಂಡಿದ್ದೀರ..."

"ನಾನು ಯಾರ ಬಗ್ಗೆಯೂ ಏನೂ ತಿಳ್ಕೊಂಡಿಲ್ಲ ಅನಂತರಾಜು ಅವರೇ. ನಿಮ್ಮ ಟೈ ಸೊಟ್ಟಗಿದೆ."

ಅವನು ಟೈ ಸರಿಮಾಡಿಕೊಂಡ. ಅದು ಮೊದಲೂ ನೆಟ್ಟಗೇ ಇತ್ತು.

* * *

ಮನೆಯಲ್ಲಿ ಅಮ್ಮ ಮುನಿಕೃಷ್ಣಮ್ಮ ಟಿವಿಯ ಮುಂದೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು.

"ಮುಖ ಯಾಕೆ ಹಿಂಗೆ ಊದಿಕೊಂಡಿದೆ?"

"ಕೆಲಸ ಜಾಸ್ತಿ. ಒಬ್ಬ ಗಡ್ಡ ಬಿಟ್ಕೊಂಡು ಬರ್ತಾನೆ. ತೆಗಿ ಅಂದ್ರೆ ತೆಗೆಯಲ್ಲ."

"ಬಿಟ್ರೆ ಬಿಡ್ಲಿ ಬಿಡೆ. ಗಡ್ಡ ಬಿಟ್ಟೋನ್ನ ನಂಬಬಹುದು. ನುಣ್ಣಗೆ ಕೆರ್ಕೊಂಡು ಹೊರಡ್ತಾರಲ್ಲ, ಅವರನ್ನ ನಂಬಬಾರದು."

ಅಮ್ಮ ಯಾರ ಬಗ್ಗೆ ಹೇಳಿದರು ಅಂತ ಕೇಳಬೇಕಿರಲಿಲ್ಲ. ಅವಳು ಚಿಕ್ಕವಳಾಗಿದ್ದಾಗ ಅಪ್ಪ ಮುನಿರಾಮಯ್ಯ ಭಾನುವಾರ ಬೆಳಿಗ್ಗೆ ಶೇವ್ ಮಾಡಿಕೊಂಡು, ಕುತ್ತಿಗೆಗೆ ಪೌಡರು ಬಳಿದುಕೊಂಡು, ಸೈಟು ನೋಡಿ ಬರ್ತೀನಿ ಅಂತ ಹೊರಟರೆ ಸೋಮವಾರವೇ ಬರುತ್ತಿದ್ದರು. ಆರ್.ಟಿ. ನಗರದಲ್ಲಿ ಅವರಿಗೆ ಇನ್ನೊಂದು ಮನೆಯಿತ್ತು. ಅದು ಊರಿಗೆಲ್ಲ ಗೊತ್ತಾದ ಮೇಲೆ ಅಮ್ಮನಿಗೆ ಗೊತ್ತಾಯಿತು. ಬೀದಿಯ ನಲ್ಲಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸುತ್ತಿದ್ದದ್ದು ಜ್ಯೋತಿಗೆ ಇನ್ನೂ ನೆನಪಿದೆ.

ಅವಳು ನೀಟಾಗಿರುವುದನ್ನು ಕಲಿತದ್ದು ಆ ವರ್ಷಗಳಲ್ಲೇ. ಜನ ಬಾಯಿಗೆ ಬಂದದ್ದು ಆಡಲಿ, ಆದರೆ ನನ್ನ ಬಟ್ಟೆಯಲ್ಲಿ ಒಂದು ಸುಕ್ಕು ಕಾಣಬಾರದು, ಕೂದಲಲ್ಲಿ ಒಂದು ಎಳೆ ಚೆದುರಬಾರದು. ತಡವರಿಸುವ ಇಂಗ್ಲಿಷು ಇಟ್ಟುಕೊಂಡು ಆ ಹೋಟೆಲಿನ ಬಾಗಿಲು ದಾಟಿದ್ದು ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆಯ ಬಲದಿಂದ. ಹಾಗಾಗಿ ಕೆಲಸಕ್ಕೆ ಬರುವವರ ಉಗುರು, ಕೂದಲು, ಬೂಟು ಅವಳಿಗೆ ಬರೀ ನಿಯಮವಾಗಿರಲಿಲ್ಲ. ಬಡವರ ಮನೆಯ ಹುಡುಗರಿಗೆ ಅದು ಕಾಸು ಖರ್ಚಿಲ್ಲದ ಮರ್ಯಾದೆ ಅಂತ ನಂಬಿದ್ದಳು.

ಆದರೆ ಈ ಸಲ ಅವಳ ಸಿಟ್ಟು ಆ ನಂಬಿಕೆಯಿಂದ ಬಂದದ್ದಲ್ಲ. ಅದು ಅವಳಿಗೂ ಗೊತ್ತಿತ್ತು.

ಆ ಗಡ್ಡ ದಿನಕ್ಕೊಂದಿಷ್ಟು ಬೆಳೆಯುತ್ತಿತ್ತು. ಎಲ್ಲೋ ಒಂದು ಹೊಟ್ಟೆ ಅದರ ಜೊತೆಗೇ ಬೆಳೆಯುತ್ತಿದೆ ಅಂತ ಪ್ರತಿ ಬೆಳಿಗ್ಗೆ ಅದು ಅವಳಿಗೆ ಹೇಳುತ್ತಿತ್ತು. ನಾನು ಯಾರ ಗಂಡನ ಬೈಕಿನ ಹಿಂದೆ ಕೂತಿದ್ದೆ? ಆರ್.ಟಿ. ನಗರದ ಆ ಹೆಂಗಸಿಗೂ ಅಪ್ಪ ಹೀಗೇ ಹೇಳಿದ್ದರೇ, ಹೆಂಡತಿ ಇನ್ನೂ ಬಂದಿಲ್ಲ ಅಂತ?

ಮುಂದಿನ ವಾರ ಹೆಡ್ ಆಫೀಸಿನಿಂದ ಆಡಿಟ್‌ಗೆ ಬರುವವರಿದ್ದರು. ಅದನ್ನೇ ನೆಪ ಮಾಡಿಕೊಂಡಳು.

"ಸರ್, ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಬಿಡ್ತಾರೆ. ಆಡಿಟ್‌ನಲ್ಲಿ ಪಾಯಿಂಟ್ ಹೋದ್ರೆ ನಾನು ಜವಾಬ್ದಾರಿ ಅಲ್ಲ."

ಮುರುಗೇಶ್ ತಲೆ ಕೆರೆದುಕೊಂಡರು. "ಶಾಸ್ತ್ರದ ವಿಷಯ ಅಲ್ವೇನಮ್ಮ?"

"ಶಾಸ್ತ್ರ ಮನೇಲಿ ಸರ್. ಇಲ್ಲಿ ಸಮವಸ್ತ್ರ."

"ಸರಿ. ಸೋಮವಾರ ತೆಗೆಸಿಕೊಂಡು ಬರ್ಲಿ. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೊಳ್ಳಲಿ. ನೀವೇ ಹೇಳ್ಬಿಡಿ."

ಶನಿವಾರದ ಸಾಲಿನಲ್ಲಿ, ಎಲ್ಲರೆದುರು, ಅವಳೇ ಹೇಳಿದಳು. ಅವನು ವಾದ ಮಾಡಲಿಲ್ಲ. ಅವಳನ್ನು ಒಂದು ಗಳಿಗೆ ನೋಡಿದ, ಅಷ್ಟೆ. ಅದು ಸಿಟ್ಟಿನ ನೋಟವಾಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ಸರಿ ಮೇಡಂ," ಅಂದ.

ನಿಂಗವ್ವ ಮಾತ್ರ ಬಕೆಟ್ಟು ಎತ್ತಿಕೊಂಡು ಹೋಗುತ್ತ ಎಲ್ಲರಿಗೂ ಕೇಳುವ ಹಾಗೆ ಅಂದಳು. "ಹೂವಾ ಕಿತ್ತಗೊಂಡ್ರು, ತಡಕೊಂಡೆ. ಹುಟ್ಟೂ ಕೂಸಿನ ಮ್ಯಾಲ ಯಾಕ್ ಬೇಕಾಗಿತ್ತು?"

* * *

ಭಾನುವಾರ ಅವಳಿಗೂ ರಜೆ, ಅವನಿಗೂ ರಜೆ.

ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ ಮುಗಿಯುತ್ತದೆ ಅಂದುಕೊಂಡಳು. ಆ ಹೆಂಗಸು ಹೇಗಿದ್ದಾಳೆ, ಇಬ್ಬರೂ ಪಕ್ಕಪಕ್ಕ ನಿಂತರೆ ಹೇಗೆ ಕಾಣುತ್ತಾರೆ ಅಂತ ನೋಡಿಬಿಟ್ಟರೆ ಮನಸ್ಸು ಸುಮ್ಮನಾಗುತ್ತದೆ. ಅಮ್ಮನಿಗೆ ಯಲಹಂಕಕ್ಕೆ ಹೋಗಿ ಬರ್ತೀನಿ ಅಂದಳು. ಯಲಹಂಕದಲ್ಲಿ ಬಾಗಲೂರಿನ ಬಸ್ಸು ಹತ್ತಿದಳು.

ಊರಿನ ಮುಂದೆಲ್ಲ ಹೊಸ ಅಪಾರ್ಟ್‌ಮೆಂಟುಗಳು, ಸಿಮೆಂಟು ಲಾರಿಗಳು. ಒಳಗೆ ಹಳೆಯ ಬೀದಿ. ಕಿರಾಣಿ ಅಂಗಡಿಯಲ್ಲಿ ಕೇಳಿದ ಕೂಡಲೇ ತೋರಿಸಿದರು. ಹಂಚಿನ ಮನೆಯ ಜಗಲಿಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಮೊರದ ತುಂಬ ನೆನೆದ ಅವರೆಕಾಳು ಇಟ್ಟುಕೊಂಡು ಒಂದೊಂದನ್ನೇ ಹಿಸುಕಿ ಸಿಪ್ಪೆ ತೆಗೆಯುತ್ತಿದ್ದರು.

"ಅನಂತರಾಜು ಅವರ ಮನೆ ಇದೇನಾ?"

"ಇದೇಯ. ನೀನ್ಯಾರವ್ವ?"

"ಜೊತೇಲಿ ಕೆಲಸ ಮಾಡ್ತೀನಿ. ಈ ಕಡೆ ಬಂದಿದ್ದೆ..." ಸುಳ್ಳು ಅರ್ಧದಲ್ಲೇ ಒಣಗಿತು.

"ಓಟ್ಲಿಂದಾನಾ? ಬಾ ಕೂತ್ಕೋ. ಬಿಸ್ಲಲ್ಲಿ ಯಾಕೆ ನಿಂತಿದ್ದೀಯ? ನಾನು ಅವನವ್ವ, ವೆಂಕಟಲಕ್ಷ್ಮಮ್ಮ. ಏ ರಮ್ಯ, ನೀರು ತತ್ತಾರವ್ವ."

ರಮ್ಯ. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಜ್ಯೋತಿಯ ಬೆನ್ನು ನೆಟ್ಟಗಾಯಿತು.

ಹೊಸಿಲು ದಾಟಿ ಮೊದಲು ಬಂದದ್ದು ಹೊಟ್ಟೆ. ಆಮೇಲೆ ಹುಡುಗಿ. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಎಷ್ಟು ಚಿಕ್ಕವಳು...

ಜ್ಯೋತಿಯ ಕಣ್ಣು ತನ್ನ ಅಭ್ಯಾಸದಂತೆ ಮೇಲಿನಿಂದ ಕೆಳಕ್ಕೆ ಇಳಿಯಿತು. ಹಣೆ ನೋಡಿತು, ಕುತ್ತಿಗೆ ನೋಡಿತು, ಕೈ ನೋಡಿತು.

ಹಣೆ ಬರಿದು. ಕುತ್ತಿಗೆ ಬರಿದು. ಚೊಂಬು ಹಿಡಿದ ಕೈಯಲ್ಲಿ ಒಂದು ಗಾಜಿನ ಬಳೆಯೂ ಇರಲಿಲ್ಲ.

"ಭಾವ ಇಲ್ಲ ಅಕ್ಕ," ಅಂದಳು ಹುಡುಗಿ. "ಈಗ ತಾನೇ ಹೊರಗಡೆ ಹೋದ್ರು."

ಭಾವ.

ಒಳಗಿನ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಅನಂತರಾಜುವಿನದೇ ಮೂಗು, ಅದೇ ಕಣ್ಣು, ವಯಸ್ಸು ಮಾತ್ರ ಕಡಿಮೆ. ಗಂಧದ ಹಾರ. ಮುಂದೆ ಒಂದು ಸಣ್ಣ ದೀಪ.

ಜ್ಯೋತಿ ಕೈಗೆ ತೆಗೆದುಕೊಂಡ ಚೊಂಬನ್ನು ಹಾಗೆಯೇ ಜಗಲಿಯ ಮೇಲಿಟ್ಟಳು.

"ನನ್ನ ಕಿರೀ ಮಗ," ವೆಂಕಟಲಕ್ಷ್ಮಮ್ಮ ಕಾಳು ಹಿಸುಕುವುದನ್ನು ನಿಲ್ಲಿಸಲಿಲ್ಲ. "ಕೇಶವ. ಇಷ್ಟಪಟ್ಟು ಅಣ್ಣನಿಗಿಂತ ಮುಂಚೇನೇ ಮದ್ವೆ ಆದ. ಇವಳಿಗೆ ಇನ್ನೂ ಮೂರು ತಿಂಗ್ಳು ತುಂಬಿರ್ಲಿಲ್ಲ. ಬೈಕಲ್ಲಿ ಆಚೆ ಓದೋನು ತಿರ್ಗಿ ಬರ್ಲೇ ಇಲ್ಲ."

ರಮ್ಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅನಂತರಾಜು ಅವರು ಇದನ್ನ ಯಾರಿಗೂ ಹೇಳಿಲ್ಲ."

"ಏನಂತ ಏಳ್ತಾನೆ? ಬಂದೋರೆಲ್ಲ ಇವಳ ಒಟ್ಟೆ ನೋಡಿ ಅಳೋರೇಯ. ಬಳೆ ತೊಡಿಸ್ಲಿಲ್ಲ, ಮಡ್ಲು ತುಂಬ್ಲಿಲ್ಲ. ಏಳು ತುಂಬಿದ ದಿನ ನಾನೂ ಬಾಯ್ ತಪ್ಪಿ ಅಂದ್ಬುಟ್ಟೆ, ಈ ಮಗೀಗೆ ಗಡ್ಡ ಬಿಡೋಕೂ ಒಬ್ಬ ಅಪ್ಪ ಇಲ್ವಲ್ಲ ಅಂತ. ಅವನು ಅಲ್ಲೇ ಕೂತು ಉಣ್ತಿದ್ದ. ಅವತ್ತಿಂದ ಕೆನ್ನೆಗೆ ಕತ್ತಿ ಮುಟ್ಟಿಸ್ಲಿಲ್ಲ."

ಜ್ಯೋತಿ ಮೊರದಿಂದ ಒಂದೊಂದೇ ಕಾಳು ತೆಗೆದುಕೊಂಡು ತಾನೂ ಹಿಸುಕತೊಡಗಿದಳು. ಕೈಗೆ ಏನಾದರೂ ಬೇಕಿತ್ತು.

"ಈಗ ಎಲ್ಲಿಗೆ ಹೋಗಿದ್ದಾರೆ?"

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ಕಟಿಂಗ್ ಶಾಪಿಗೆ," ರಮ್ಯ ಅಂದಳು. "ಗಡ್ಡ ತೆಗೆಯದಿದ್ರೆ ಕೆಲಸದಲ್ಲಿ ಬಿಡಲ್ವಂತೆ. ನಾನೇ ಹೋಗಿ ಭಾವ ಅಂದೆ. ಕೆಲಸ ಹೋದ್ರೆ ನಾಲ್ಕು ಹೊಟ್ಟೆ ಹೇಗೆ ನಡೆಯುತ್ತೆ? ... ಹೋಗೋವಾಗ ನನ್ನ ಮುಖ ನೋಡ್ಲಿಲ್ಲ ಅವರು."

"ಯಾವಳೋ ಮೇಡಮ್ಮು ಅಂತೆ ಕಣವ್ವ," ವೆಂಕಟಲಕ್ಷ್ಮಮ್ಮ ಅಂದರು. "ಗಡ್ಡ ಕಂಡ್ರಾಗಲ್ವಂತೆ. ಅವರಪ್ಪ ಏನು ಉಟ್ತಾನೇ ಕೆರ್ಕೊಂಡು ಉಟ್ಟಿದ್ನಾ?"

ಕಾಳು ಜ್ಯೋತಿಯ ಬೆರಳ ಸಂದಿಯಿಂದ ಜಾರಿತು.

"ಅಮ್ಮ, ಆ ಮೇಡಂ ನಾನೇ."

ವೆಂಕಟಲಕ್ಷ್ಮಮ್ಮ ಮೊದಲ ಸಲ ಕೈ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಹೋಟೆಲಿನ ಸಾಲಿನಲ್ಲಿ ತಾನು ಎಲ್ಲರನ್ನೂ ನೋಡುವ ಹಾಗೆಯೇ. ಎದುರಿಗೆ ನಿಂತವರಿಗೆ ಹೇಗನ್ನಿಸುತ್ತದೆ ಅಂತ ಜ್ಯೋತಿಗೆ ಗೊತ್ತಾಯಿತು.

"ಅಂಗಾರೆ ಇಲ್ಲಿ ಕೂತು ಏನ್ಮಾಡ್ತಿದ್ದೀಯ?" ಅಂದರು ಮುದುಕಿ. "ಓಡು."

* * *

ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿ. ಭಾನುವಾರವಾದ್ದರಿಂದ ಬೆಂಚಿನ ತುಂಬ ಗಂಡಸರು. ಸೀರೆಯುಟ್ಟ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಾಗಿಲು ತಳ್ಳಿಕೊಂಡು ಒಳಬಂದದ್ದನ್ನು ನೋಡಿ ಪೇಪರುಗಳೆಲ್ಲ ಕೆಳಗಿಳಿದವು.

"ಮೇಡಂ," ಕ್ಷೌರದವನು ಮರ್ಯಾದೆಯಿಂದ ಅಂದ, "ಲೇಡೀಸ್ ಪಾರ್ಲರ್ ಮೇಲ್ಗಡೆ."

ಎರಡನೆಯ ಕುರ್ಚಿಯಲ್ಲಿ ಅನಂತರಾಜು ಕೂತಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ. ಕೆನ್ನೆಯ ತುಂಬ ನೊರೆ. ಕಣ್ಣು ಮುಚ್ಚಿದ್ದ. ಹೊಸ ಬ್ಲೇಡು ಸಿಕ್ಕಿಸಿದ ಕತ್ತಿ ಅವನ ಕಿವಿಯ ಪಕ್ಕಕ್ಕೆ ಬಂದಿತ್ತು.

"ಕತ್ತಿ ಇಡಿ," ಅಂದಳು ಜ್ಯೋತಿ.

ಅದು ಬೇಸ್‌ಮೆಂಟಿನ ದನಿ. ಕ್ಷೌರದವನ ಕೈ ತಾನಾಗಿ ನಿಂತಿತು. ಅನಂತರಾಜು ಕಣ್ಣು ತೆರೆದ. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು.

"ಶೇವ್ ಬೇಡ."

"ನೊರೆ ಹಚ್ಚಾಗಿದೆ ಮೇಡಂ," ಕ್ಷೌರದವನಿಗೆ ತನ್ನ ಚಿಂತೆ.

"ತೊಳೀರಿ."

ಬೆಂಚಿನ ಮೇಲಿನ ಒಬ್ಬ ಪಕ್ಕದವನಿಗೆ ಪಿಸುಗುಟ್ಟಿದ. "ಮನೆಯೋರು ಇರ್ಬೇಕು ಕಣೋ."

"ನಮ್ಮನೆಯೋಳು ಬರೀ ಫೋನ್ ಮಾಡ್ತಾಳಪ್ಪ," ಅಂದ ಇನ್ನೊಬ್ಬ.

ಅನಂತರಾಜು ತಾನೇ ಎದ್ದು ಹೊರಗಿನ ನಲ್ಲಿಯ ಕೆಳಗೆ ಬಗ್ಗಿ ಮುಖ ತೊಳೆದುಕೊಂಡ. ಅಂಗಡಿಯ ಹಿಂದೆ ಒಂದು ಹೊಂಗೆ ಮರವಿತ್ತು. ಅದರ ಕೆಳಗೆ ನಿಂತರು. ಅವನ ಗಡ್ಡದಲ್ಲಿ ಅಲ್ಲಲ್ಲಿ ಇನ್ನೂ ನೊರೆ ಅಂಟಿಕೊಂಡಿತ್ತು.

ಓಡಿ ಬಂದಾಗ ಜಾರಿದ್ದ ಸೆರಗನ್ನು ಅವಳು ಸರಿಮಾಡಿಕೊಂಡಳು.

"ಮನೆಗೆ ಹೋಗಿದ್ದೆ," ಅಂದಳು.

"ಗೊತ್ತಾಯ್ತು. ಕೈಯೆಲ್ಲ ಅವರೆಕಾಯಿ ವಾಸನೆ."

"ಯಾಕೆ ಹೇಳ್ಲಿಲ್ಲ ನನಗೆ?"

"ಐದು ನಿಮಿಷ ಕೇಳಿದ್ದೆ."

ಅವಳು ತಲೆ ತಗ್ಗಿಸಿದಳು. ಆದರೂ ಒಳಗೆ ಕುಟುಕುತ್ತಿದ್ದ ಅನುಮಾನ ಪೂರ್ತಿ ಸತ್ತಿರಲಿಲ್ಲ.

"ಆ ಮೊದಲನೇ ದಿನ ಸಾಲಲ್ಲಿ ಎಲ್ಲರೂ ಹೆಂಡತಿ ಅಂದಾಗ ಅಲ್ಲ ಅನ್ನಬಹುದಿತ್ತು. ನೀವು ನಕ್ಕಿರಿ. ಸ್ವೀಟ್ ಕೊಡಿಸ್ತೀನಿ ಅಂದಿರಿ. ಅದು ಯಾಕೆ? ಅದನ್ನ ಹೇಳಿ."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

"ನಮ್ಮ ಮನೇಲಿ ಆ ಮಗು ವಿಷಯಕ್ಕೆ ಇದುವರೆಗೂ ಯಾರೂ ನಕ್ಕಿಲ್ಲ ಜ್ಯೋತಿ ಅವರೇ. ಸ್ಕ್ಯಾನಿಂಗ್ ಮಾಡಿಸಿದ್ರೂ ಅಳು, ಅದು ಒದ್ದಿದ್ರೂ ಅಳು. ಒಳ್ಳೇದಾಯ್ತು ಅಂತ ಯಾರೂ ಒಂದು ಮಾತು ಅಂದಿಲ್ಲ. ಅವತ್ತು ಹುಡುಗರು ಬೆನ್ನು ತಟ್ಟಿ ಸ್ವೀಟ್ ಯಾವಾಗ ಅಂದ್ರಲ್ಲ..." ಅವನು ಗಡ್ಡದ ಮೇಲೆ ಕೈಯಾಡಿಸಿಕೊಂಡ. "ಕೇಶವ ಇದ್ದಿದ್ರೆ ಅವನಿಗೆ ಸಿಗ್ತಿತ್ತು ಅದು. ಅಲ್ಲ ಅಂದುಬಿಟ್ರೆ ಎಲ್ರೂ ಅಯ್ಯೋ ಪಾಪ ಅಂತಾರೆ. ಹುಟ್ಟೋ ಮುಂಚೇನೇ ಆ ಮಗುಗೆ ಇನ್ನೊಂದು ಅಯ್ಯೋ ಪಾಪ ಬೇಡ ಅನ್ನಿಸ್ತು. ಅವನ ಬದ್ಲು ನಾನು ಇಸ್ಕೊಂಡೆ. ಅಷ್ಟೇ."

ಜ್ಯೋತಿಗೆ ಈಗ ಕಾಡಿಗೆಯ ಚಿಂತೆ ಇರಲಿಲ್ಲ.

ಕೆಲಸಕ್ಕೆ ಚೊಕ್ಕವಾಗಿ ಬರಬೇಕು. ಅದು ಅವಳಿಗೆ ಈಗಲೂ ಸುಳ್ಳೆನ್ನಿಸಲಿಲ್ಲ. ಉಗುರು ಕತ್ತರಿಸಬೇಕು, ಸ್ನಾನ ಮಾಡಿರಬೇಕು. ಆದರೆ ಗಲೀಜು ಬೇರೆ, ಗಡ್ಡ ಬೇರೆ. ಅಷ್ಟು ವರ್ಷ ಸಾಲು ನೋಡಿದವಳು ಇದನ್ನು ನೋಡಲಿಲ್ಲ. ನೋಡಲಿಲ್ಲವೋ, ನೋಡುವ ಮನಸ್ಸಿರಲಿಲ್ಲವೋ.

"ನಾನು ಇಲ್ಲಿಗೆ ಬಂದಿದ್ದು ನಿಮ್ಮ ಒಳ್ಳೇದಕ್ಕಲ್ಲ," ಅಂದಳು. "ನಿಮ್ಮ ಹೆಂಡ್ತೀನ ನೋಡೋಕೆ ಬಂದೆ."

"ಸಿಕ್ಕಿದ್ರಾ?"

"ಇಲ್ಲ."

"ನಾನೂ ಹುಡುಕ್ತಾ ಇದ್ದೀನಿ." ಅವನು ನೆಲ ನೋಡಿದ. "ಸಿಕ್ಕಿದ್ರು ಅಂದ್ಕೊಂಡಿದ್ದೆ. ಅಷ್ಟರಲ್ಲಿ ಕಸ್ಟಮ್ಸಲ್ಲಿ ಹಿಡಿದು ಹಾಕ್ಬಿಟ್ರು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ತಪ್ಪಾಯ್ತು," ಅಂದಳು.

"ನನ್ನದೂ ಇದೆ. ಆ ಸಂಜೆ ನೀವು ಬೈಕಿಂದ ಇಳಿದಾಗಲೇ ಹೇಳ್ಬೇಕಿತ್ತು. ಮನೇಲಿ ಇಷ್ಟೆಲ್ಲ ಇದೆ, ಅಮ್ಮ, ರಮ್ಯ, ಹುಟ್ಟೋ ಮಗು. ಇದರ ಮಧ್ಯಕ್ಕೆ ನಿಮ್ಮನ್ನ ಬನ್ನಿ ಅಂತ ಯಾವ ಬಾಯಲ್ಲಿ ಕರೀಲಿ ಅಂತ... ಭಯ ಆಯ್ತು."

"ಈಗ ಇಲ್ವಾ ಭಯ?"

"ಇದೆ. ಆದ್ರೆ ಗಂಡಸರ ಕಟಿಂಗ್ ಶಾಪಿಗೆ ನುಗ್ಗಿದೋರ ಮುಂದೆ ಭಯ ಅಂದ್ರೆ ನಗ್ತೀರ." ಅವನು ತಲೆಯೆತ್ತಿದ. "ನನಗೆ ನೀವು ಬೇಕು ಜ್ಯೋತಿ. ಕಾಯ್ತೀನಿ. ಯೋಚನೆ ಮಾಡಿ ಹೇಳಿ."

ಮೊದಲ ಸಲ ಬರೀ ಜ್ಯೋತಿ ಅಂದಿದ್ದ. ಅವಳು ಅದನ್ನು ತಿದ್ದಲಿಲ್ಲ.

"ಇನ್ನೊಂದು," ಅಂದ ಅವನು. "ಹೋಟೆಲಲ್ಲಿ ನನಗೆ ಮದುವೆ ಆಗಿದೆ ಅಂತಲೇ ತಿಳ್ಕೊಂಡಿದ್ದಾರೆ. ನಾಳೆ ನಾನೂ ನೀವೂ ಜೊತೆಗೆ ಟೀ ಕುಡಿದ್ರೆ ಮಾತು ಬರುತ್ತೆ. ನಿಮ್ಮ ಹೆಸರಿಗೆ ಬರುತ್ತೆ. ನೀವು ಹೂಂ ಅಂದ್ರೆ ನಾಳೇನೇ ಸಾಲಲ್ಲಿ ಎಲ್ಲರ ಮುಂದೆ ಹೇಳ್ಬಿಡ್ತೀನಿ. ತಮ್ಮನ ವಿಷಯ, ಮಗು ವಿಷಯ, ಎಲ್ಲ. ನೀವು ಹೇಳಿದ ದಿನ ಹೇಳ್ತೀನಿ."

ಅವಳು ಅವನ ಮುಖ ನೋಡಿದಳು. ಕಿವಿಯ ಕೆಳಗೆ ನೊರೆಯ ಒಂದು ಚುಕ್ಕೆ ಉಳಿದಿತ್ತು. ಕೈ ಚಾಚಿ ಹೆಬ್ಬೆರಳಿನಿಂದ ಅದನ್ನು ಒರೆಸಿದಳು. ಒರಟಾಗಿತ್ತು, ತಣ್ಣಗಿತ್ತು.

"ಇದನ್ನ ಬಾಚಿಕೊಂಡು ಬರ್ಬೇಕು ನಾಳೆಯಿಂದ," ಅಂದಳು. "ಹೀಗೆ ಕೆದರಿಕೊಂಡು ಬಂದ್ರೆ ಒಳಗೆ ಬಿಡಲ್ಲ."

"ಸರಿ ಮೇಡಂ."

"ಮೇಡಂ ಅಲ್ಲಿ."

"ಇಲ್ಲಿ?"

"ಇಲ್ಲಿ... ಬಸ್ಸು ಬಂತು ನೋಡಿ."

* * *

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೊದಲು ಮುರುಗೇಶ್ ಅವರಿಗೆ ಫೋನು ಮಾಡಿದಳು.

"ಸರ್, ಅನಂತರಾಜು ಗಡ್ಡ ಇರಲಿ. ಆಡಿಟ್‌ನವರಿಗೆ ನಾನು ಉತ್ತರ ಹೇಳ್ತೀನಿ."

"ಏನಮ್ಮ, ಮೊನ್ನೆ ಸಮವಸ್ತ್ರ ಅಂದ್ರಿ?"

"ಮೊನ್ನೆ ಅಂದೆ ಸರ್."

ಫೋನು ಇಟ್ಟ ಕೂಡಲೇ ಅಮ್ಮನದು ಬಂತು. "ಎಲ್ಲಿದ್ದೀಯೆ? ಯಲಹಂಕಕ್ಕೆ ಹೋಗಿ ಬರೋಕೆ ಇಷ್ಟು ಹೊತ್ತಾ?"

"ಬರ್ತಾ ಇದ್ದೀನಿ ಕಣಮ್ಮ."

ಹೊರಗೆ ದ್ರಾಕ್ಷಿ ತೋಟವೊಂದು ಹಿಂದಕ್ಕೆ ಓಡಿತು, ಅದರ ಬೆನ್ನಿಗೆ ಕಟ್ಟುತ್ತಿರುವ ಒಂದು ಗೋಪುರದಂಥ ಕಟ್ಟಡ. ಜ್ಯೋತಿ ನಾಳೆಯನ್ನು ಯೋಚಿಸಿದಳು. ಗೂಡಂಗಡಿಯ ಮುಂದೆ ಅವನ ಪಕ್ಕ ನಿಲ್ಲುತ್ತಾಳೆ. ಒಂದು ವಾರದಲ್ಲಿ ಲಾಕರ್ ರೂಮಿನಲ್ಲಿ ಮಾತು ಶುರುವಾಗುತ್ತದೆ. ಬಸುರಿ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡವನ ಹಿಂದೆ ಬಿದ್ದಿದ್ದಾಳೆ ಅಂತಾರೆ. ಅವಳು ಬಂದ ಕೂಡಲೇ ಮಾತು ನಿಲ್ಲಿಸುತ್ತಾರೆ. ಆ ಮೌನ ಹೇಗಿರುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಹೋಟೆಲಿನಲ್ಲಿ ಯಾರೂ ಇರಲಿಲ್ಲ.

ಅದನ್ನು ತಪ್ಪಿಸಲು ಅವಳು ಒಂದು ಹೂಂ ಅಂದರೆ ಸಾಕು. ಅವನು ಸಾಲಿನಲ್ಲಿ ನಿಜ ಹೇಳಿಬಿಡುತ್ತಾನೆ. ಅವಳ ಹೆಸರು ತೊಳೆದಿಟ್ಟ ಹಾಗೆ ಆಗುತ್ತದೆ. ಆದರೆ ಆಮೇಲೆ ಸ್ವೀಟ್ ಯಾವಾಗ ಅಂತ ಯಾರೂ ಕೇಳುವುದಿಲ್ಲ, ಅಯ್ಯೋ ಪಾಪ ಅಂತಾರೆ.

ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಡಿಲಲ್ಲಿ ಕೂಸೊಂದು ಇವಳ ಸೆರಗಿನ ತುದಿ ಹಿಡಿದು ಬಾಯಿಗೆ ಹಾಕಿಕೊಂಡಿತು.

"ಅಯ್ಯೋ, ಸೀರೆ ಗಲೀಜಾಯ್ತು," ತಾಯಿ ಗಾಬರಿಯಿಂದ ಕಿತ್ತುಕೊಳ್ಳಲು ಹೋದಳು.

"ಇರಲಿ ಬಿಡಿ," ಅಂದಳು ಜ್ಯೋತಿ.

ಕಟ್ಟಿಗೇನಹಳ್ಳಿ ದಾಟುವಷ್ಟರಲ್ಲಿ ತೀರ್ಮಾನವಾಗಿತ್ತು. ಆ ಮಗು ಹುಟ್ಟುವವರೆಗೆ ಅವಳು ಆ ಹೂಂ ಅನ್ನುವುದಿಲ್ಲ. ಯಾಕೆ ಅನ್ನಲಿಲ್ಲ ಅಂತ ಅವನಿಗೂ ಹೇಳುವುದಿಲ್ಲ.